ಜೋಡಿ ಸೈಲೆನ್ಸರಿನ ನಾದಶಿಲ್ಪ

ಜೇವರ್ಗಿ ಕಾಲೋನಿಯ ಬೀದಿಯಲ್ಲಿ ಹಳೆಯ ಯೆಜ್ಡಿ ಬೈಕೊಂದು ಹಾದುಹೋದರೆ, ಮಹಡಿಯಲ್ಲಿ ಕುಳಿತ ಹಿರಿಯರು ಬಗ್ಗಿ ನೋಡದೆಯೇ ಅದರ ಹೆಸರು ಹೇಳಿಬಿಡುತ್ತಾರೆ. ಅದೇ ಬೀದಿಗೆ ಸೈಲೆನ್ಸರ್ ಕೊಯ್ಸಿದ ಹೊಸ ಬೈಕು ನುಗ್ಗಿದರೆ ಕಿಟಕಿ ಹಾಕಿಕೊಳ್ಳುತ್ತಾರೆ. ಒಂದೇ ಕಿವಿಯು ಮೊದಲನೆಯದನ್ನು ನಾದವೆಂದು ಮನ್ನಿಸಿ, ಎರಡನೆಯದನ್ನು ಗದ್ದಲವೆಂದು ತಿರಸ್ಕರಿಸುವುದಕ್ಕೆ ಕಾರಣವನ್ನು ಅರಸುತ್ತ ಹೋದರೆ, ಅದು ಹೊಗೆಯು ಹೊರಬೀಳುವ ಕೊಳವೆಯ ರಚನೆಯಲ್ಲಿ ದೊರೆಯುತ್ತದೆ.

ಸಿಲಿಂಡರಿನಲ್ಲಿ ಇಂಧನವುರಿದು ಹೊರದಾರಿ ತೆರೆದೊಡನೆ ಅನಿಲವು ಒಂದೇ ಪೆಟ್ಟಿಗೆ ಕೊಳವೆಯೊಳಕ್ಕೆ ನುಗ್ಗುತ್ತದೆ. ಈ ಪೆಟ್ಟುಗಳ ಸಾಲೇ ಇಂಜಿನ್ನಿನ ಧ್ವನಿ. ಟೂ ಸ್ಟ್ರೋಕ್ ಯಂತ್ರದಲ್ಲಿ ಪ್ರತಿ ಸುತ್ತಿಗೂ ಒಂದು ಪೆಟ್ಟು, ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೊಂದು. ಆದಕಾರಣ ನಿಮಿಷಕ್ಕೆ 3000 ಸುತ್ತು ತಿರುಗುವ ಒಂಟಿ ಸಿಲಿಂಡರು ಮೊದಲನೆಯ ಬಗೆಯದಾದರೆ ಸೆಕೆಂಡಿಗೆ 50 ಸಲ, ಎರಡನೆಯದಾದರೆ 25 ಸಲ ಮಿಡಿಯುತ್ತದೆ. ಬಿಸಿಯಾದ ಅನಿಲದಲ್ಲಿ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಿಂದ ಓಡುವ ಆ ಅಲೆಯು, ಕೊಳವೆ ಹಿಗ್ಗಿದಲ್ಲಿ ಒಂದು ಪರಿಯಿಂದಲೂ ಕುಗ್ಗಿದಲ್ಲಿ ಇನ್ನೊಂದು ಪರಿಯಿಂದಲೂ ಪ್ರತಿಫಲಿಸಿ ಮರಳುತ್ತದೆ. ಹಿಗ್ಗಿದ ಕಡೆಯಿಂದ ಮರಳಿದ್ದು ಸಿಲಿಂಡರಿನ ಹೊಗೆಯನ್ನು ಹೊರಕ್ಕೆಳೆಯುತ್ತದೆ. ಕುಗ್ಗಿದ ಕಡೆಯಿಂದ ಮರಳಿದ್ದು, ಟೂ ಸ್ಟ್ರೋಕಿನಲ್ಲಿ ಉರಿಯದೆಯೇ ಜಾರಿಹೋಗಲಿದ್ದ ಹೊಸ ಮಿಶ್ರಣವನ್ನು ಒಳಕ್ಕೆ ತಳ್ಳುತ್ತದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡೆನ್ ಈ ತತ್ತ್ವವನ್ನು ಪಂದ್ಯದ ಬೈಕುಗಳಲ್ಲಿ ಸಾಧಿಸಿ ತೋರಿಸಿದ ಮೇಲೆ, ಹೊಗೆಕೊಳವೆಯನ್ನು ಇಂಜಿನ್ನಿನ ಅಂಗವೆಂದೇ ಎಣಿಸುವುದು ರೂಢಿಯಾಯಿತು.

ನಮ್ಮ ನಾಡಿನಲ್ಲಿ ಈ ವಿದ್ಯೆಯ ಸೊಗಸನ್ನು ಜನಸಾಮಾನ್ಯರ ಕಿವಿಗೆ ಮುಟ್ಟಿಸಿದ ಕೀರ್ತಿಯು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಗೆ ಸಲ್ಲುತ್ತದೆ. ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ವಿನ್ಯಾಸವನ್ನು ತಂದು ಇರಾನಿ ಕುಟುಂಬದವರು ಕಟ್ಟಿದ ಈ ಕಾರ್ಖಾನೆಯನ್ನು 1961ರಲ್ಲಿ, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದರು. 1973ರಿಂದ ಅಲ್ಲಿಯ ಗಾಡಿಗಳಿಗೆ ಯೆಜ್ಡಿಯೆಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿ ತಯಾರಾದ 250 ಸಿಸಿ ಗಾಡಿಗೆ ಇದ್ದದ್ದು ಒಂದೇ ಸಿಲಿಂಡರು, ಆದರೆ ಸೈಲೆನ್ಸರುಗಳು ಎರಡು! ಸಿಲಿಂಡರಿನ ಗೋಡೆಯಲ್ಲಿ ಒಂದೇ ಅಗಲವಾದ ಕಿಂಡಿ ಕೊರೆದರೆ ಪಿಸ್ಟನ್ ರಿಂಗು ಅದರ ಅಂಚಿಗೆ ಸಿಕ್ಕಿ ಮುರಿಯುವ ಭಯ. ಅದನ್ನೇ ಎರಡಾಗಿ ಒಡೆದು ಎಡಬಲಕ್ಕೆ ಬೇರೆಬೇರೆ ಕೊಳವೆ ಕೊಟ್ಟರೆ ಆ ಭಯವೂ ತಪ್ಪಿತು, ಹೊಗೆಗೆ ವಿಶಾಲವಾದ ದಾರಿಯೂ ಆಯಿತು. ಪೆಟ್ಟುಗಳ ಸಂಖ್ಯೆ ಹೆಚ್ಚಲಿಲ್ಲ. ಒಂದೇ ಪೆಟ್ಟು ಎರಡು ಪಾಲಾಗಿ ಇಬ್ಬದಿಯಿಂದ ಏಕಕಾಲಕ್ಕೆ ಹೊರಟುದರಿಂದ ಅದರ ಕರ್ಕಶತೆ ತಗ್ಗಿ, ತಾಳ ಮಾತ್ರ ಸ್ಪಷ್ಟವಾಗಿ ಉಳಿಯಿತು.

ಎರಡು ಬದಿಗಳ ಈ ಸಮತೋಲವನ್ನು ಕಾಪಾಡುವುದು ಗ್ಯಾರೇಜಿನ ಮೇಸ್ತ್ರಿಯ ಕೆಲಸ. ಪೆಟ್ರೋಲಿನೊಡನೆ ಬೆರೆತ ಆಯಿಲು ಅರೆಬೆಂದು ಕಿಂಡಿಗಳಲ್ಲಿಯೂ ಸೈಲೆನ್ಸರಿನೊಳಗೆ ಸದ್ದನ್ನು ತಡೆಯುವ ಬ್ಯಾಫಲ್ಲುಗಳಲ್ಲಿಯೂ ಕಾರ್ಬನ್ ಆಗಿ ಕಟ್ಟಿಕೊಳ್ಳುತ್ತದೆ. ಒಂದು ಬದಿ ಹೆಚ್ಚು ಕಟ್ಟಿತೆಂದರೆ ಗಾಡಿಯ ದನಿ ವಾಲುತ್ತದೆ. ಅನುಭವಿಯಾದವನು ಗಾಡಿ ಚಾಲೂ ಮಾಡಿ, ಎರಡು ಬಾಯಿಗಳ ಹಿಂದೆಯೂ ಅಂಗೈ ಹಿಡಿದು, ಗಾಳಿಯ ಹೊಡೆತ ಎಲ್ಲಿ ಸೋತಿದೆಯೆಂದು ಅಳೆಯುತ್ತಾನೆ. ಬಳಿಕ ಬ್ಯಾಫಲ್ ಹೊರಗೆಳೆದು, ಸುಟ್ಟು, ಕೆರೆದು, ಮತ್ತೆ ಕೂಡಿಸುತ್ತಾನೆ. ಇಂಥ ಕೈಗಳನ್ನು ನಾನು ಕಲಾವಿದರ ಸಾಲಿನಲ್ಲಿಯೇ ಇಡುತ್ತೇನೆ.

ಸ್ಪೋರ್ಟ್ಸ್ ಕಾರುಗಳಲ್ಲಿ ಈ ವಿದ್ಯೆ ಇನ್ನೂ ಸೂಕ್ಷ್ಮವಾಗುತ್ತದೆ. ನಾಲ್ಕು ನಾಲ್ಕರಂತೆ ಎರಡು ಸಾಲಾಗಿ ಜೋಡಿಸಿದ ಎಂಟು ಸಿಲಿಂಡರಿನ ಅಮೆರಿಕನ್ ಇಂಜಿನ್ನಿನಲ್ಲಿ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡದ ಆಕಾರದ ದೆಸೆಯಿಂದ ಒಂದೊಂದು ಸಾಲಿನ ಪೆಟ್ಟುಗಳೂ ಸಮಾನ ಅಂತರದಲ್ಲಿ ಬೀಳವು. ಎರಡು ಸಾಲಿಗೂ ಪ್ರತ್ಯೇಕವಾದ ಕೊಳವೆ ಕೊಟ್ಟಾಗ ಆ ವಿಷಮಗತಿಯೇ ಗುಡುಗಿನಂಥ ಗುಡುಗುಡುವಾಗಿ ಕೇಳುತ್ತದೆ. ನಡುವೆ ಅಡ್ಡಕೊಳವೆಯೊಂದನ್ನು ಬೆಸೆದರೆ ಅದು ತುಸು ಮೃದುವಾಗುತ್ತದೆ. ಎರಡನ್ನೂ ಕತ್ತರಿಯಾಕಾರದಲ್ಲಿ ಕೂಡಿಸಿದರೆ ಪೆಟ್ಟುಗಳು ಬೆರೆತು ಸ್ವರ ಮೇಲೇರುತ್ತದೆ. ಫೆರಾರಿಯ ಎಂಟು ಸಿಲಿಂಡರಿನ ಯಂತ್ರದಲ್ಲಿ ಕ್ರ್ಯಾಂಕು ಬೇರೆ ಬಗೆಯದಾಗಿ, ಪ್ರತಿ ಸಾಲಿನಲ್ಲಿಯೂ ಪೆಟ್ಟುಗಳು ಸಮಾನ ಅಂತರದಲ್ಲಿ ಬೀಳುವುದರಿಂದ ಅದರ ಕೂಗು ತಾರಸ್ಥಾಯಿಯದು. ನಾಲ್ಕು ಸಿಲಿಂಡರಿನ ಸಣ್ಣ ಕಾರಿನ ಹಿಂದೆ ಒಂದೇ ಕೊಳವೆಯನ್ನು ಕೊನೆಯಲ್ಲಿ ಕವಲೊಡೆಸಿ ಎರಡು ಬಾಯಿ ತೋರಿಸುವುದು ಬಹುಮಟ್ಟಿಗೆ ಅಲಂಕಾರವಷ್ಟೆ.

ಬೇಕಾದ ಸ್ವರವನ್ನು ಉಳಿಸಿಕೊಳ್ಳುವುದಕ್ಕಿಂತ ಬೇಡವಾದುದನ್ನು ಕಳೆಯುವುದೇ ಕಠಿನ. ನಾಲ್ಕು ಸಿಲಿಂಡರಿನ ಕಾರು 3000 ಸುತ್ತಿನಲ್ಲಿ ಸೆಕೆಂಡಿಗೆ 100 ಪೆಟ್ಟು ಕೊಡುತ್ತದಷ್ಟೆ. ದೂರಪ್ರಯಾಣದಲ್ಲಿ ತಲೆ ನೋಯಿಸುವ ಗುಂಯ್‌ಗುಡುವಿಕೆ ಅದೇ. ತುದಿ ಮುಚ್ಚಿದ, ಸುಮಾರು 1.3 ಮೀಟರ್ ಉದ್ದದ ಕುರುಡುಕೊಳವೆಯೊಂದನ್ನು ಮುಖ್ಯಕೊಳವೆಯ ಪಕ್ಕಕ್ಕೆ ಬೆಸೆದರೆ, ಅದರೊಳಹೊಕ್ಕು ಮರಳುವ ಅಲೆಯು ಎದುರಾಗಿ ನಿಂತು ಮುಖ್ಯವಾಗಿ ಆ ಸ್ವರವನ್ನೇ ಅಳಿಸುತ್ತದೆ, ಉಳಿದವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಕೀರಲು ದನಿಯನ್ನು ರಂಧ್ರಗಳಿರುವ ಒಳಕೊಳವೆಯ ಸುತ್ತ ತುಂಬಿದ ಗಾಜಿನ ನಾರು ಹೀರಿಕೊಳ್ಳುತ್ತದೆ.

ಸದ್ದು ತಗ್ಗಿಸುವುದು ಕಾನೂನಿನ ಮಾತೂ ಹೌದು: ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮವು ಪ್ರತಿಯೊಂದು ವಾಹನಕ್ಕೂ ಸೈಲೆನ್ಸರ್ ಇರಲೇಬೇಕೆಂದು ವಿಧಿಸುತ್ತದೆ. ನಾದಪ್ರಿಯರಾದ ತರುಣರಲ್ಲಿ ನನ್ನದೊಂದು ಬಿನ್ನಹ: ಗಾಡಿಯ ದನಿ ಇಂಪಾಗಬೇಕೆಂಬ ಆಸೆ ಸಹಜವಾದುದೇ, ಆದರೆ ಬ್ಯಾಫಲ್ ಕೀಳಿಸಿ, ಸೈಲೆನ್ಸರ್ ಕೊಯ್ಸಿ ಅದನ್ನು ಪಡೆಯಲಾಗದು. ಹಳೆಯ ಜಾವಾ ಬಲ್ಲ ಮೇಸ್ತ್ರಿಯೊಬ್ಬನ ಬಳಿ ಒಂದು ಮಧ್ಯಾಹ್ನ ಕುಳಿತು, ಅವನು ಎರಡು ಸೈಲೆನ್ಸರುಗಳ ದನಿಯನ್ನು ಕೂಡಿಸುವ ಬಗೆಯನ್ನು ನೋಡಿ ಕಲಿಯಿರಿ.