ಮಿಂಚುಹುಳುವಿನ ಬೆಳಕು ಮತ್ತು ಪ್ರಯೋಗಶಾಲೆಯ ಪ್ರಾಣಿಗಳು

ಮುಂಗಾರಿನ ಮೊದಲ ಮಳೆಗಳು ಬಿದ್ದಾಗ ಗಿಡಮರಗಳಲ್ಲಿ ಮಿನುಗುವ ಮಿಂಚುಹುಳುಗಳನ್ನು ಕಂಡು ಬೆರಗಾಗದವರು ವಿರಳ. ದೀಪದಂತೆ ಬೆಳಗಿಯೂ ದೀಪದಂತೆ ಸುಡದ ಆ ತಣ್ಣನೆಯ ಬೆಳಕು ಇಂದು ರೋಗಸಂಶೋಧನೆಯ ಸಾಧನವಾಗಿದೆ. ಅದು ಹೇಗೆಂಬುದನ್ನೂ, ಅದರಿಂದ ಪ್ರಯೋಗಶಾಲೆಯ ಮೂಕಪ್ರಾಣಿಗಳಿಗೆ ಆದ ಉಪಕಾರವೇನೆಂಬುದನ್ನೂ ಇಲ್ಲಿ ಸ್ಥೂಲವಾಗಿ ವಿವರಿಸಲಾಗಿದೆ.

ಫ್ರಾನ್ಸಿನ ವಿಜ್ಞಾನಿ ರಫಾಯೆಲ್ ದ್ಯುಬ್ವಾ ಅವರು ಬೆಳಕು ಬೀರುವ ಒಂದು ಕಡಲ ಚಿಪ್ಪುಜೀವಿಯಿಂದ ತಣ್ಣೀರಿನಲ್ಲಿ ಒಂದು ಸಾರವನ್ನೂ ಬಿಸಿನೀರಿನಲ್ಲಿ ಇನ್ನೊಂದು ಸಾರವನ್ನೂ ತೆಗೆದರು. ಮೊದಲನೆಯದು ಕೆಲಕಾಲ ಬೆಳಗಿ ನಂದಿತು. ಎರಡನೆಯದು ಬೆಳಗಲೇ ಇಲ್ಲ. ಎರಡನ್ನೂ ಬೆರೆಸಿದಾಗ ಬೆಳಕು ಮರಳಿ ಮೂಡಿತು. ಶಾಖವನ್ನು ತಾಳಿ ಉಳಿದ, ಇಂಧನದಂತಹ ವಸ್ತುವಿಗೆ 1887ರಲ್ಲಿ ಅವರು ಲೂಸಿಫೆರಿನ್ ಎಂದೂ, ಶಾಖದಿಂದ ಕೆಡುವ ಕಿಣ್ವಕ್ಕೆ ಲೂಸಿಫೆರೇಸ್ ಎಂದೂ ಹೆಸರಿಟ್ಟರು. ಮಿಂಚುಹುಳುವಿನಲ್ಲಿ ಇವೆರಡರ ಜೊತೆಗೆ ಆಮ್ಲಜನಕ, ಮೆಗ್ನೀಸಿಯಂ ಹಾಗೂ ಜೀವಕೋಶಕ್ಕೆ ಶಕ್ತಿಯೊದಗಿಸುವ ಎ.ಟಿ.ಪಿ. ಸಹ ಬೇಕು. ಎ.ಟಿ.ಪಿ.ಯ ಅಗತ್ಯವನ್ನು 1947ರಲ್ಲಿ ಅಮೆರಿಕದ ವಿಲಿಯಂ ಮೆಕೆಲ್ರಾಯ್ ಅವರು ತೋರಿಸಿಕೊಟ್ಟರು.

1985ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಮಿಂಚುಹುಳುವಿನ ಲೂಸಿಫೆರೇಸ್ ಜೀನನ್ನು ಬೇರ್ಪಡಿಸಿದರು. ಜೀವಂತ ಇಲಿಯೊಳಗಿನ ಬೆಳಕನ್ನು ಹೊರಗಿನಿಂದಲೇ ಚಿತ್ರಿಸುವ ಮಾರ್ಗವನ್ನು 1990ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕ್ರಿಸ್ಟೋಫರ್ ಕಾಂಟ್ಯಾಗ್ ಮತ್ತು ಸಂಗಡಿಗರು ತೋರಿಸಿದರು.

ವಿಧಾನವು ಸರಳವಾಗಿದೆ. ಆ ಜೀನನ್ನು ಸೇರಿಸಿದ ಅರ್ಬುದ ಕೋಶಗಳನ್ನು ಇಲಿಯ ದೇಹದಲ್ಲಿ ಇರಿಸುತ್ತಾರೆ. ಪರೀಕ್ಷಿಸುವ ದಿನ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಸಾಮಾನ್ಯವಾಗಿ 150 ಮಿಲಿಗ್ರಾಂ ಪ್ರಮಾಣದಲ್ಲಿ, ಎಂದರೆ 20 ಗ್ರಾಂ ತೂಗುವ ಇಲಿಗೆ 3 ಮಿಲಿಗ್ರಾಂ ಲೂಸಿಫೆರಿನನ್ನು ಉದರಕುಹರಕ್ಕೆ ಚುಚ್ಚುತ್ತಾರೆ. ಅರಿವಳಿಕೆಯಿಂದ ಮಲಗಿದ ಇಲಿಯನ್ನು ಕತ್ತಲಪೆಟ್ಟಿಗೆಯಲ್ಲಿರಿಸಿ, ಅತಿ ಕ್ಷೀಣ ಬೆಳಕನ್ನೂ ಗ್ರಹಿಸುವ ಕ್ಯಾಮರಾದಿಂದ ಚಿತ್ರ ತೆಗೆಯುತ್ತಾರೆ. ಸಾಮಾನ್ಯವಾಗಿ 10ರಿಂದ 20 ನಿಮಿಷಗಳಲ್ಲಿ ಬೆಳಕು ಉತ್ತುಂಗಕ್ಕೇರುತ್ತದೆ. ಅಂಗೈಯ ಹಿಂದೆ ಟಾರ್ಚ್ ಹಿಡಿದರೆ ಕೆಂಪು ಬೆಳಕಷ್ಟೇ ತೂರಿಬರುವುದನ್ನು ನಾವೆಲ್ಲ ಕಂಡಿದ್ದೇವೆ. ರಕ್ತದ ಹಿಮೋಗ್ಲೋಬಿನ್ ಉಳಿದ ಬಣ್ಣಗಳನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ದೇಹದ ಉಷ್ಣತೆಯಲ್ಲಿ ಮಿಂಚುಹುಳುವಿನ ಲೂಸಿಫೆರೇಸ್ ಬೀರುವ ಬೆಳಕು ಕೆಂಪಿನತ್ತ ವಾಲುವುದರಿಂದಲೇ ಅದು ಮಾಂಸಚರ್ಮಗಳನ್ನು ದಾಟಿ ಹೊರಬರಬಲ್ಲದು.

ಆದರೆ ಈ ಬೆಳಕನ್ನು ಓದುವಲ್ಲಿ ವಿವೇಕ ಬೇಕು. ಸತ್ತ ಕೋಶದಲ್ಲಿ ಎ.ಟಿ.ಪಿ. ಇಲ್ಲದ ಕಾರಣ ಅದು ಬೆಳಗದು, ಇದು ಅನುಕೂಲವೇ. ಆದರೆ ಗೆಡ್ಡೆಯ ನಡುಭಾಗಕ್ಕೆ ಆಮ್ಲಜನಕ ತಲುಪದಿದ್ದರೂ, ಚುಚ್ಚುಮದ್ದು ತಪ್ಪಿ ಕರುಳಿಗೆ ಸೇರಿದರೂ ಬೆಳಕು ಕುಂದುತ್ತದೆ. ಕತ್ತಲಾದ ಮಾತ್ರಕ್ಕೆ ರೋಗವು ವಾಸಿಯಾಯಿತೆಂದು ತೀರ್ಮಾನಿಸಲಾಗದು.

ಹಿಂದೆ ರೋಗದ ಹರಡುವಿಕೆಯನ್ನು ವಾರವಾರವೂ ಅರಿಯಬೇಕಾದರೆ, ಪ್ರತಿ ವಾರ ಒಂದು ಗುಂಪು ಇಲಿಗಳನ್ನು ಕೊಂದು ನೋಡಬೇಕಾಗುತ್ತಿತ್ತು. ಗುಂಪಿಗೆ ಹತ್ತರಂತೆ ಐದು ವಾರಗಳಿಗೆ ಐವತ್ತು ಇಲಿಗಳು. ಈಗ ಅದೇ ಹತ್ತು ಇಲಿಗಳನ್ನು ಐದು ವಾರವೂ ಪರೀಕ್ಷಿಸಬಹುದು. ಪ್ರಾಣಿಗಳ ಬದಲಿಗೆ ಬೇರೆ ಮಾರ್ಗ, ಅವುಗಳ ಸಂಖ್ಯೆಯಲ್ಲಿ ಕಡಿತ, ನೋವಿನ ಶಮನ ಎಂಬ ಮೂರು ನಿಯಮಗಳನ್ನು 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಅವರು ಮುಂದಿಟ್ಟಿದ್ದರು. ಅವುಗಳಲ್ಲಿ ಎರಡನೆಯದಕ್ಕೆ ಈ ವಿಧಾನವು ನೇರವಾಗಿ ನೆರವಾಗಿದೆ.

ಆ ಹತ್ತು ಇಲಿಗಳ ಸಂಕಟವು ಇದರಿಂದ ಇಲ್ಲವಾಗಲಿಲ್ಲವೆಂಬುದನ್ನು ಮರೆಯಬಾರದು. ಜೀವದಯೆಯನ್ನು ನಡೆಯಾಗಿಸಿಕೊಂಡ ಶರಣರ ಪರಂಪರೆಯ ಈ ವಿದ್ಯಾಸಂಸ್ಥೆಯಲ್ಲಿ ವಿಜ್ಞಾನವನ್ನು ಕಲಿಯುವ ಮಕ್ಕಳಿಗೆ, ಉಳಿದ ನಲವತ್ತು ಜೀವಗಳ ಲೆಕ್ಕವನ್ನೂ ಈ ಹತ್ತರ ಋಣವನ್ನೂ ನಾವು ಒಟ್ಟಿಗೇ ಹೇಳಿಕೊಡಬೇಕಾಗಿದೆ.