ನಿಮಗಿದು ಗೊತ್ತೆ? ಕರೆಂಟ್ ಬಂದರೂ ಏಸಿ ತಂಪಾಗದ ಆ 3 ನಿಮಿಷ

ಕರೆಂಟ್ ಹೋಗಿ ಬಂದ ಕೂಡಲೇ ಏಸಿಯ ಫ್ಯಾನ್ ತಿರುಗುತ್ತದೆ, ಗಾಳಿ ಮಾತ್ರ ತಣ್ಣಗಿರುವುದಿಲ್ಲ. ಇದು ಕೆಟ್ಟಿರುವ ಲಕ್ಷಣವಲ್ಲ. ಒಳಗಿನ ಸರ್ಕ್ಯೂಟ್ ಕಂಪ್ರೆಸರನ್ನು ಸುಮಾರು 3 ನಿಮಿಷ ಬೇಕೆಂದೇ ತಡೆದಿರುತ್ತದೆ. ಕಂಪ್ರೆಸರ್ ನಿಂತಾಗ ಅದರ ಒಂದು ಬದಿಯಲ್ಲಿ ಗ್ಯಾಸಿನ ಒತ್ತಡ ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ. ಅವು ಸಮನಾಗುವ ಮೊದಲೇ ಚಾಲೂ ಆದರೆ ಮೋಟಾರು ತಿರುಗಲಾರದೆ ಹಲವು ಪಟ್ಟು ಕರೆಂಟ್ ಎಳೆದು ಬಿಸಿಯಾಗುತ್ತದೆ. ವೋಲ್ಟೇಜ್ ಇಳಿದಿದ್ದರೆ ಅಪಾಯ ಇನ್ನೂ ಜಾಸ್ತಿ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಡಗೇರಾ, ಶಹಾಪುರ, ಸುರಪುರದ ಕಡೆ ಜನ ತಡೆಯಲಾರದೆ ಸ್ವಿಚ್ ಆಫ್ ಮಾಡಿ ಮತ್ತೆ ಹಾಕುವುದು ಸಹಜ. ಹಾಗೆ ಮಾಡಿದಷ್ಟೂ ಸಲ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಸ್ಟೆಬಿಲೈಸರಿಗೂ ಇಂಥದೇ ತಡೆ ಇದ್ದರೆ ಒಟ್ಟು 6 ನಿಮಿಷ ಹಿಡಿಯಬಹುದು.

ಆಮೇಲೂ ತಂಪಾಗದಿದ್ದರೆ ವೈರಿಂಗ್ ನೋಡಬೇಕು. ಮೇನ್ ಇಳಿಸಿ, ಪ್ಲಗ್ ಕಿತ್ತು ನೋಡಿದಾಗ ಪಿನ್ನು ಕಪ್ಪಾಗಿದ್ದರೆ ಸಾಕೆಟ್ ಸಡಿಲವಾಗಿದೆ ಎಂದರ್ಥ. ಒಂದು ಕೋಣೆಯ ಬಲ್ಬು ಮಂಕಾಗಿ, ಇನ್ನೊಂದರದ್ದು ಅತಿ ಪ್ರಖರವಾಗಿ ಉರಿದರೆ ನ್ಯೂಟ್ರಲ್ ಬಿಟ್ಟಿರುವ ಸಂಭವ ಹೆಚ್ಚು. ಆಗ ಮೇನ್ ಇಳಿಸಿಯೇ ಇಟ್ಟು ಎಲೆಕ್ಟ್ರಿಷಿಯನ್‌ನನ್ನು ಕರೆಯಬೇಕು.