ಕೆಸರು ಹುಣ್ಣು: ಬೆರಳ ಸಂದಿ ಒಣಗಿರಲಿ

ಮಳೆಗಾಲ ಬಂತು. ನಾಟಿ ಕೆಲಸ ಶುರುವಾಯಿತು. ಬೆಳಗಿನಿಂದ ಸಂಜೆಯವರೆಗೂ ಕಾಲು ಕೆಸರಿನಲ್ಲೇ. ನಾಲ್ಕು ದಿನ ಕಳೆಯುವುದರಲ್ಲಿ ಕಾಲ್ಬೆರಳ ಸಂದಿಯಲ್ಲಿ ಕೆರೆತ. ಆಮೇಲೆ ಉರಿ. ರಾತ್ರಿ ನಿದ್ದೆ ಇಲ್ಲ. ಬೆಳಿಗ್ಗೆ ಗದ್ದೆಗೆ ಇಳಿದರೆ ಕಣ್ಣಲ್ಲಿ ನೀರು ಬರುತ್ತದೆ. ಮನೆಯಲ್ಲಿ ಕೂತರೆ ಕೂಲಿ ಇಲ್ಲ.

“ಕೆಸರಲ್ಲಿ ದುಡಿಯೋರಿಗೆ ಇದು ಇದ್ದದ್ದೇ ಬಿಡಿ” ಎಂದು ನಾವು ಸುಮ್ಮನಾಗುತ್ತೇವೆ. ಸುಮ್ಮನಾಗಬಾರದು. ಈ ಹುಣ್ಣು ವಾಸಿಯಾಗುತ್ತದೆ. ಮತ್ತೆ ಬಾರದಂತೆ ತಡೆಯಲೂಬಹುದು.

ಯಾಕೆ ಬರುತ್ತದೆ?

ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕಿದರೆ ಏನಾಗುತ್ತದೆ? ಬೂಷ್ಟು ಹಿಡಿಯುತ್ತದೆ. ನೆನೆದ ಚರ್ಮದ ಚಪ್ಪಲಿಯನ್ನು ಮೂಲೆಯಲ್ಲಿ ಇಟ್ಟರೂ ಅಷ್ಟೆ. ಬೂಷ್ಟಿಗೆ ತೇವ ಬೇಕು. ಬೆಚ್ಚಗಿನ ಜಾಗ ಬೇಕು. ತಿನ್ನಲು ಆಹಾರ ಬೇಕು. ಕಾಲ್ಬೆರಳ ಸಂದಿಯಲ್ಲಿ ಈ ಮೂರೂ ಸಿಗುತ್ತವೆ. ಬೂಷ್ಟಿನಂಥ ಒಂದು ಸಣ್ಣ ಜೀವಿ ಅಲ್ಲಿ ಬೆಳೆಯುತ್ತದೆ. ಅದು ಕಣ್ಣಿಗೆ ಕಾಣದು. ಡಾಕ್ಟರು ಅದನ್ನು ಶಿಲೀಂಧ್ರ ಅಥವಾ ಫಂಗಸ್ ಎನ್ನುತ್ತಾರೆ. ಚರ್ಮದ ಮೇಲ್ಪದರ ಮತ್ತು ಉಗುರು ಅದರ ಆಹಾರ.

ಮೈಮೇಲೆ ದುಂಡಗೆ ಏಳುವ ಹುಳಕಡ್ಡಿಯೂ ಇಂಥದೇ ಶಿಲೀಂಧ್ರದಿಂದ ಬರುತ್ತದೆ. ಹೆಸರಿನಲ್ಲಿ ಹುಳ ಇದೆ. ಆದರೆ ಅಲ್ಲಿ ಹುಳ ಇಲ್ಲ.

ಇದು ಗದ್ದೆಯವರಿಗೆ ಮಾತ್ರ ಬರುವ ರೋಗವಲ್ಲ. ದಿನವೆಲ್ಲ ಬೂಟು ಹಾಕುವವರಿಗೆ ಬರುತ್ತದೆ. ನೀರಿನಲ್ಲಿ ನಿಂತು ಪಾತ್ರೆ, ಬಟ್ಟೆ ತೊಳೆಯುವವರಿಗೂ ಬರುತ್ತದೆ.

ಗುರುತು ಹಿಡಿಯುವುದು ಹೇಗೆ?

ಹೆಚ್ಚಾಗಿ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ ಇದು ಮೊದಲು ಕಾಣುತ್ತದೆ. ಚರ್ಮ ನೆನೆದು ಬೆಳ್ಳಗಾಗುತ್ತದೆ. ಸುಲಿಯುತ್ತದೆ, ಬಿರಿಯುತ್ತದೆ. ಕೆರೆತ, ಉರಿ, ಕೆಟ್ಟ ವಾಸನೆ ಇರುತ್ತದೆ. ಕೆಲವರಿಗೆ ಅಂಗಾಲು ಒಣಗಿ ಹೊಟ್ಟು ಏಳುತ್ತದೆ. ಉಗುರಿಗೆ ಹತ್ತಿದರೆ ಉಗುರು ಹಳದಿಯಾಗಿ, ದಪ್ಪವಾಗಿ, ಪುಡಿಪುಡಿಯಾಗುತ್ತದೆ.

ಏನು ಔಷಧಿ?

ಕ್ಲೋಟ್ರಿಮಜೋಲ್ ಎಂಬ ಮುಲಾಮು ಇದೆ. ಟ್ಯೂಬಿನ ಮೇಲೆ ಆ ಹೆಸರು ಇದೆಯೇ, ಓದಿ ನೋಡಿ. ಈಗ ನಿಮಗೆ ಓದಲು ಬರುತ್ತದಲ್ಲ! ಅಕ್ಷರ ಇಂಗ್ಲಿಷಿನಲ್ಲಿದ್ದರೆ ಮಕ್ಕಳಿಂದ ಓದಿಸಿ. ಕಾಲು ತೊಳೆದು, ಚೆನ್ನಾಗಿ ಒರೆಸಿ, ದಿನಕ್ಕೆ 2 ಸಲ ತೆಳ್ಳಗೆ ಹಚ್ಚಿ. ಸುತ್ತಲಿನ ಒಳ್ಳೆಯ ಚರ್ಮಕ್ಕೂ ಸ್ವಲ್ಪ ಹಚ್ಚಿ. ಹಚ್ಚಿದ ಮೇಲೆ ಕೈ ತೊಳೆಯಿರಿ.

ಒಂದು ವಾರದಲ್ಲಿ ಕೆರೆತ ಕಡಿಮೆಯಾಗುತ್ತದೆ. ಆಗ ನಾವು ಟ್ಯೂಬನ್ನು ಗೂಡಿಗೆ ಎಸೆಯುತ್ತೇವೆ. ಇದೇ ತಪ್ಪು. ಕಳೆ ಕೀಳುವಾಗ ಬುಡ ಬಿಟ್ಟರೆ ಮತ್ತೆ ಚಿಗುರುವುದಿಲ್ಲವೇ? ಹಾಗೆಯೇ ಇದೂ. ಸಾಮಾನ್ಯವಾಗಿ 4 ವಾರ ಹಚ್ಚಬೇಕು.

ನೋಡಿ, ಒಬ್ಬ ತಾಯಿ ನರ್ಸಮ್ಮನ ಹತ್ತಿರ ಹೀಗೆ ಕೇಳಿದಳು ಎನ್ನಿ:

“ಅಕ್ಕಾ, ಅಂಗಡಿಯವರು ಒಂದು ಟ್ಯೂಬು ಕೊಟ್ರು. ಎರಡೇ ದಿನಕ್ಕೆ ಕೆರೆತ ನಿಂತೋಯ್ತು. ಬಿಟ್ಟ ಮೇಲೆ ಮೊದಲಿಗಿಂತ ಜಾಸ್ತಿ ಆಯ್ತು. ಯಾಕೆ?”

“ಆ ಟ್ಯೂಬಲ್ಲಿ ಸ್ಟೀರಾಯ್ಡ್ ಬೆರೆಸಿರ್ತಾರೆ ಕಣಮ್ಮ. ಅದು ಕೆರೆತ ಅಡಗಿಸುತ್ತೆ. ಆದರೆ ಫಂಗಸ್ ಒಳಗೊಳಗೇ ಹಬ್ಬುತ್ತೆ. ಚರ್ಮವೂ ತೆಳುವಾಗುತ್ತೆ. ಡಾಕ್ಟರು ಹೇಳದೆ ಅಂಥದ್ದು ಹಚ್ಚಬೇಡ.”

ನರ್ಸಮ್ಮ ಹೇಳಿದ್ದು ಸರಿ. ಸ್ಟೀರಾಯ್ಡ್ ಇರುವ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ಮಾಡಿದೆ.

ಸೀಮೆಎಣ್ಣೆ, ಸುಣ್ಣ, ಬ್ಯಾಟರಿ ನೀರು ಹಾಕಬೇಡಿ. ಅವು ಚರ್ಮವನ್ನು ಸುಡುತ್ತವೆ. ಹುಣ್ಣು ದೊಡ್ಡದಾಗುತ್ತದೆ. ಉಗುರಿಗೆ ಹತ್ತಿದ ರೋಗ ಬರೀ ಮುಲಾಮಿನಿಂದ ಹೋಗುವುದು ಕಷ್ಟ. ಅದಕ್ಕೆ ಡಾಕ್ಟರು ಕೆಲವು ತಿಂಗಳು ಮಾತ್ರೆ ಕೊಡಬಹುದು.

ಯಾವಾಗ ಆಸ್ಪತ್ರೆಗೆ ಹೋಗಬೇಕು?

ಬೇಲಿ ಮುರಿದರೆ ದನ ಹೊಲಕ್ಕೆ ನುಗ್ಗುತ್ತದೆ. ಚರ್ಮ ನಮ್ಮ ಮೈಗೆ ಬೇಲಿ. ಅದು ಬಿರಿದರೆ ಬೇರೆ ರೋಗಾಣು ಒಳಗೆ ನುಗ್ಗುತ್ತವೆ. ಕಾಲು ಊದಿಕೊಂಡು, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿದೆಯೇ? ಕೀವು, ಜ್ವರ ಇದೆಯೇ? ಅದೇ ದಿನ ಆಸ್ಪತ್ರೆಗೆ ಹೋಗಿ.

ಸಕ್ಕರೆ ಕಾಯಿಲೆ ಇರುವವರು ಇನ್ನೂ ಎಚ್ಚರವಾಗಿರಬೇಕು. ಅವರಲ್ಲಿ ಕೆಲವರಿಗೆ ಪಾದ ಜೋಮು ಹಿಡಿದಿರುತ್ತದೆ. ಹುಣ್ಣಾದರೂ ನೋವು ಗೊತ್ತಾಗುವುದಿಲ್ಲ. ಹುಣ್ಣು ಕೊಳೆತು ಕಾಲನ್ನೇ ತೆಗೆಯಬೇಕಾಗಿ ಬರಬಹುದು. ಆನೆಕಾಲು ರೋಗದವರಿಗೂ ಬೆರಳ ಸಂದಿಯ ಬಿರುಕು ಅಪಾಯ. ಇದರಿಂದ ಅವರಿಗೆ ಮತ್ತೆ ಮತ್ತೆ ಜ್ವರ, ಬಾವು ಬರುತ್ತದೆ. ಇಂಥವರು ತಾವೇ ಔಷಧಿ ಮಾಡಿಕೊಳ್ಳದೆ ಮೊದಲೇ ಡಾಕ್ಟರಿಗೆ ತೋರಿಸಬೇಕು. 4 ವಾರ ಮುಲಾಮು ಹಚ್ಚಿಯೂ ವಾಸಿಯಾಗದಿದ್ದರೆ ಎಲ್ಲರೂ ತೋರಿಸಬೇಕು. ಅದು ಬೇರೆ ಚರ್ಮರೋಗ ಇರಬಹುದು.

ಬಾರದಂತೆ ಏನು ಮಾಡಬೇಕು?

1. ಗದ್ದೆಯಿಂದ ಬಂದ ಕೂಡಲೇ ಶುದ್ಧ ನೀರು, ಸೋಪಿನಿಂದ ಕಾಲು ತೊಳೆಯಿರಿ.

2. ಒಣ ಬಟ್ಟೆಯಿಂದ ಒಂದೊಂದು ಬೆರಳ ಸಂದಿಯನ್ನೂ ಒರೆಸಿ. ತೊಳೆಯುವುದಕ್ಕಿಂತ ಒರೆಸುವುದು ದೊಡ್ಡದು.

3. ಕಾಲು ಒರೆಸುವ ಬಟ್ಟೆ ಬೇರೆ ಇರಲಿ. ಅದರಿಂದ ಮೈ ಒರೆಸಿದರೆ ರೋಗ ತೊಡೆಸಂದಿಗೂ ಹೋಗುತ್ತದೆ.

4. ಒಬ್ಬರ ಚಪ್ಪಲಿ, ಟವೆಲು, ಕಾಲುಚೀಲ ಇನ್ನೊಬ್ಬರು ಬಳಸಬಾರದು.

5. ಬೂಟು ಹಾಕುವವರು ಹತ್ತಿಯ ಕಾಲುಚೀಲ ಹಾಕಲಿ. ದಿನವೂ ಬದಲಿಸಲಿ. ಬೂಟನ್ನು ಪೂರ್ತಿ ಒಣಗಿಸಲಿ.

6. ಮನೆಯಲ್ಲಿ ಇಬ್ಬರು ಮೂವರಿಗೆ ಇದ್ದರೆ ಎಲ್ಲರೂ ಒಟ್ಟಿಗೆ ಔಷಧಿ ಹಚ್ಚಿ. ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಸಂಜೆ ಎತ್ತಿನ ಕಾಲು ತೊಳೆದು, ಗೊರಸಿನ ಸಂದಿ ನೋಡುತ್ತೇವೆ. ಎತ್ತು ಕುಂಟಿದರೆ ಉಳುಮೆ ನಿಲ್ಲುತ್ತದೆ ಎಂದು ನಮಗೆ ಗೊತ್ತು. ನಮ್ಮ ಕಾಲೂ ದುಡಿಯುವ ಕಾಲೇ. ಇವತ್ತು ರಾತ್ರಿ ಮಲಗುವ ಮುಂಚೆ ದೀಪದ ಬೆಳಕಿನಲ್ಲಿ ನಿಮ್ಮ ಬೆರಳ ಸಂದಿ ನೋಡಿಕೊಳ್ಳಿ. ಮನೆಯ ಹಿರಿಯರ ಕಾಲನ್ನೂ ನೋಡಿ. ಈ ಪಾಠವನ್ನು ಅವರಿಗೂ ಓದಿ ಹೇಳಿ.